ನಡೆದವರ ಜೊತೆಗೆ ನಿಂತವರ ಲೆಕ್ಕವೂ

ಪಾದಚಾರಿ ಮಾರ್ಗಗಳ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆದ ಉತ್ತರವನ್ನು ಓದಿ ಮೈಸೂರು ಮತ್ತು ಮಂಡ್ಯದಿಂದ ಹಲವರು ಪತ್ರ ಬರೆದಿದ್ದಾರೆ. ನಗರದ ಬೀದಿ, ವೃತ್ತ, ಉದ್ಯಾನಗಳಲ್ಲಿ ಜನರ ಚಲನೆಯನ್ನು ವಿಡಿಯೊ ಮೂಲಕ ಗಮನಿಸುವ ಕುರಿತಾದ ನಾಲ್ಕು ಪ್ರಶ್ನೆಗಳನ್ನು ಆರಿಸಿಕೊಂಡು ಈ ಬಾರಿ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನಾನು ಮೈಸೂರಿನಲ್ಲಿ ವಾಸ್ತುಶಿಲ್ಪ ಓದುತ್ತಿರುವ ವಿದ್ಯಾರ್ಥಿನಿ. ದೇವರಾಜ ಮಾರುಕಟ್ಟೆಯ ಮುಂಭಾಗದಲ್ಲಿಯೂ ಚಿಕ್ಕ ಗಡಿಯಾರದ ಸುತ್ತಲಿನ ಜಾಗದಲ್ಲಿಯೂ ಜನ ಹೇಗೆ ಓಡಾಡುತ್ತಾರೆಂದು ತಿಳಿಯಲು ಎರಡು ದಿನ ಮೊಬೈಲಿನಲ್ಲಿ ಚಿತ್ರೀಕರಿಸಿದೆ. ಮನೆಗೆ ಬಂದು ನೋಡಿದರೆ ಗುಂಪು ಗುಂಪಾಗಿ ಹೋಗುವ ಜನರ ಹೊರತು ಬೇರೇನೂ ಕಾಣಲಿಲ್ಲ. ಎಲ್ಲಿ ತಪ್ಪಿದೆ?

ಉತ್ತರ: ನಿಮ್ಮ ಮೊಬೈಲಿನಲ್ಲಿ ತಪ್ಪಿಲ್ಲ. ಹೊರಡುವ ಮೊದಲು ಒಂದು ಪ್ರಶ್ನೆಯನ್ನು ಕಾಗದದ ಮೇಲೆ ಬರೆದುಕೊಳ್ಳದೆ ಹೋದಿರೆಂದು ಪತ್ರದಿಂದ ತೋರುತ್ತದೆ. ಕ್ಯಾಮೆರಾ ಎದುರಿಗಿರುವುದನ್ನೆಲ್ಲ ಸಮನಾಗಿ ದಾಖಲಿಸುತ್ತದೆ. ಹೂವಿನ ಬುಟ್ಟಿ, ಅದರ ಮುಂದೆ ಬಗ್ಗಿ ಮಾರು ಮಲ್ಲಿಗೆಗೆ ಚೌಕಾಸಿ ಮಾಡುವವರು, ಅವರನ್ನು ಬಳಸಿಕೊಂಡು ಹೋಗುವವರು, ಇವರಲ್ಲಿ ಯಾರನ್ನು ನೋಡಬೇಕೆಂದು ಅದು ಹೇಳಿಕೊಡುವುದಿಲ್ಲ. ‘ಸಯ್ಯಾಜಿರಾವ್ ರಸ್ತೆಯಿಂದ ಮಾರುಕಟ್ಟೆಯ ಬಾಗಿಲು ಹೊಗುವವರಲ್ಲಿ ಎಷ್ಟು ಮಂದಿ ಬಾಗಿಲಲ್ಲೇ ನಿಲ್ಲುತ್ತಾರೆ, ಎಷ್ಟು ಹೊತ್ತು ನಿಲ್ಲುತ್ತಾರೆ, ನಿಂತವರನ್ನು ಹಿಂದಿನವರು ಯಾವ ಪಕ್ಕದಿಂದ ದಾಟುತ್ತಾರೆ’ ಎಂಬಷ್ಟು ಚಿಕ್ಕ ಪ್ರಶ್ನೆಯನ್ನು ಇಟ್ಟುಕೊಂಡು ಅದೇ ವಿಡಿಯೊವನ್ನು ಮತ್ತೆ ನೋಡಿ. ಗುಂಪು ತಾನಾಗಿಯೇ ಬಿಡಿಬಿಡಿ ಮನುಷ್ಯರಾಗಿ ಕಾಣತೊಡಗುತ್ತದೆ.

ಈ ಬಗೆಯ ನೋಟಕ್ಕೆ ಗಟ್ಟಿ ಬುನಾದಿ ಹಾಕಿದವರು ಅಮೆರಿಕದ ವಿಲಿಯಂ ಎಚ್. ವೈಟ್. 1961ರ ನ್ಯೂಯಾರ್ಕಿನ ಕಟ್ಟಡ ನಿಯಮವು, ಗಗನಚುಂಬಿ ಕಟ್ಟಡದ ಮುಂದೆ ಸಾರ್ವಜನಿಕರಿಗಾಗಿ ಬಯಲು ಬಿಟ್ಟವರಿಗೆ ಪ್ರತಿಯಾಗಿ ಹೆಚ್ಚು ಮಹಡಿ ಜಾಗ ಕಟ್ಟಿಕೊಳ್ಳಲು ಅವಕಾಶ ಕೊಟ್ಟಿತ್ತು. ಹೀಗೆ ಬಿಟ್ಟ ಬಯಲುಗಳಲ್ಲಿ ಕೆಲವು ಮಧ್ಯಾಹ್ನದ ಊಟದ ಹೊತ್ತಿಗೆ ತುಂಬಿ ತುಳುಕುತ್ತಿದ್ದವು, ಬಹಳಷ್ಟು ಬಿಕೋ ಎನ್ನುತ್ತಿದ್ದವು. ಕಾರಣವೇನೆಂದು ತಿಳಿಯಲು ವೈಟ್ 1970ರ ಸುಮಾರಿಗೆ ಯುವಕರ ಸಣ್ಣ ತಂಡವೊಂದನ್ನು ಕಟ್ಟಿ, ಎತ್ತರದ ಜಾಗಗಳಲ್ಲಿ ಸೂಪರ್ 8 ಎಂಬ ಪುಟ್ಟ ಚಲನಚಿತ್ರ ಕ್ಯಾಮೆರಾಗಳನ್ನಿಟ್ಟು, ಕೆಲವು ಸೆಕೆಂಡುಗಳಿಗೊಂದು ಚೌಕಟ್ಟಿನಂತೆ ಇಡೀ ದಿನವನ್ನು ಸೆರೆಹಿಡಿದರು. ಜನ ಬಿಸಿಲನ್ನು ಹುಡುಕಿಕೊಂಡು ಬರುತ್ತಾರೆ ಎಂಬುದು ಅವರ ಮೊದಲ ಊಹೆಯಾಗಿತ್ತು. ಮೊದಲ ತಿಂಗಳುಗಳ ಚಿತ್ರಗಳು ಹಾಗೆಯೇ ತೋರಿಸಿದವು ಕೂಡ. ಆದರೆ ಬೇಸಿಗೆ ಏರಿದಂತೆ ಬಿಸಿಲಿನ ಮಹತ್ವ ಇಳಿಯಿತು. ಬಯಲಿನ ಆಕಾರ, ವಿಸ್ತಾರ ಇವುಗಳೂ ಲೆಕ್ಕಕ್ಕೆ ಹೊಂದಲಿಲ್ಲ. ಕೊನೆಗೆ ಉಳಿದದ್ದು ಕೇಳಿದರೆ ಇಷ್ಟೇನಾ ಅನ್ನಿಸುವಂಥ ಉತ್ತರ: ಕೂರಲು ಎಲ್ಲಿ ಜಾಗವಿದೆಯೋ ಅಲ್ಲಿ ಜನ ಕೂರುತ್ತಾರೆ. 1975ರಲ್ಲಿ ನ್ಯೂಯಾರ್ಕ್ ನಗರವು ನಿಯಮವನ್ನು ತಿದ್ದಿ, ಇಂಥ ಬಯಲುಗಳಲ್ಲಿ ಇಂತಿಷ್ಟು ಕೂರುವ ಜಾಗ ಇರಲೇಬೇಕೆಂದು ವಿಧಿಸಿತು. ತಮ್ಮ ಊಹೆ ಬಿದ್ದುಹೋಗುವುದನ್ನು ತಮ್ಮದೇ ಚಿತ್ರಗಳಲ್ಲಿ ನೋಡಿ ಒಪ್ಪಿಕೊಂಡ ವೈಟ್ ಅವರ ಆ ಪ್ರಾಮಾಣಿಕತೆಯನ್ನು ನಾನು ಅವರ ತೀರ್ಮಾನಗಳಿಗಿಂತಲೂ ಹೆಚ್ಚಾಗಿ ಗೌರವಿಸುತ್ತೇನೆ.

ಅವರ ಇನ್ನೊಂದು ಗಮನಿಕೆ ನಿಮ್ಮ ಅಧ್ಯಯನಕ್ಕೆ ನೇರವಾಗಿ ಒದಗುತ್ತದೆ. ದಾರಿಯಲ್ಲಿ ಪರಿಚಿತರು ಸಿಕ್ಕರೆ ಜನ ಓಡಾಟದಿಂದ ಪಕ್ಕಕ್ಕೆ ಸರಿದು ಮಾತಾಡುತ್ತಾರೆ ಎಂದು ನಾವೆಲ್ಲ ಭಾವಿಸುತ್ತೇವೆ. ವೈಟ್ ಕೂಡ ಹಾಗೆಯೇ ಭಾವಿಸಿದ್ದರು. ಆದರೆ ಬೀದಿಯ ಮೂಲೆಗಳಲ್ಲಿ ನಡೆದ ಮಾತುಕತೆಗಳನ್ನು ನಕ್ಷೆಯ ಮೇಲೆ ಗುರುತು ಹಾಕುತ್ತ ಹೋದಾಗ, ಹೆಚ್ಚಿನವು ಜನಪ್ರವಾಹದ ನಟ್ಟನಡುವೆಯೇ ನಡೆದಿದ್ದುದು ಕಂಡಿತು. ಮಾರುಕಟ್ಟೆಯ ಬಾಗಿಲಲ್ಲಿ ತರಕಾರಿ ಚೀಲವನ್ನು ಕಾಲ ಬಳಿ ಇಳಿಸಿ ‘ಎಷ್ಟು ದಿನವಾಯಿತು ನೋಡಿ’ ಎಂದು ನಿಲ್ಲುವವರನ್ನು ನೆನೆಯಿರಿ. ಅವರು ನಮ್ಮ ಕಣ್ಣಿಗೆ ಅಡ್ಡಿಯಾಗಿ ಕಾಣುತ್ತಾರೆ. ಅದೇ ಜಾಗಕ್ಕೆ ಜನ ಬರುವುದರಲ್ಲಿ ಇಂಥ ಭೇಟಿಯ ಪಾಲೆಷ್ಟು ಎಂಬುದು ದಾಟಿಹೋದವರ ಎಣಿಕೆಯಿಂದ ತಿಳಿಯುವುದಿಲ್ಲ. ಆದ್ದರಿಂದ ಎರಡು ಬೇರೆ ಲೆಕ್ಕ ಇಟ್ಟುಕೊಳ್ಳಿ: ಒಂದು ಗೆರೆಯನ್ನು ದಾಟಿದವರದು, ಇನ್ನೊಂದು ನಿಂತವರದು ಮತ್ತು ಕೂತವರದು. ಎರಡನೆಯದಕ್ಕೆ ತಲೆಯೆಣಿಕೆ ಸಾಲದು, ಹೊತ್ತಿನ ಲೆಕ್ಕವೂ ಬೇಕು. ಹತ್ತು ನಿಮಿಷ ನಿಂತ ಒಬ್ಬರು, ಒಂದೊಂದು ನಿಮಿಷ ನಿಂತ ಹತ್ತು ಮಂದಿಯಷ್ಟೇ ಆ ಜಾಗವನ್ನು ಬಳಸಿದ್ದಾರೆ.

ಇನ್ನು ಕೆಲಸದ ಕ್ರಮ. ಕ್ಯಾಮೆರಾವನ್ನು ಕಣ್ಣಿನ ಎತ್ತರದಲ್ಲಿ ಹಿಡಿಯಬೇಡಿ. ಮುಂದಿನವರ ಹಿಂದೆ ಹಿಂದಿನವರು ಮರೆಯಾಗುತ್ತಾರೆ. ಮೊದಲ ಅಥವಾ ಎರಡನೆಯ ಮಹಡಿಯ ಕಿಟಕಿಯಿಂದ, ಮಾಲೀಕರ ಒಪ್ಪಿಗೆ ಪಡೆದು, ಅಲುಗದಂತೆ ಕಟ್ಟಿದ ಸ್ಟ್ಯಾಂಡಿನ ಮೇಲಿಟ್ಟು ಕೆಳಮುಖವಾಗಿ ನೋಡಿದರೆ ಪ್ರತಿಯೊಬ್ಬರ ಕಾಲು ನೆಲಕ್ಕೆ ತಾಗುವ ಜಾಗ ಕಾಣುತ್ತದೆ. ಸೆಕೆಂಡಿಗೆ ಒಂದು ಚಿತ್ರದಂತೆ ಒಂದು ಗಂಟೆ ತೆಗೆದರೆ 3,600 ಚಿತ್ರಗಳಾಗುತ್ತವೆ. ಅವನ್ನು ಸೆಕೆಂಡಿಗೆ 24ರಂತೆ ಓಡಿಸಿದರೆ ಒಂದು ಗಂಟೆಯು ಎರಡೂವರೆ ನಿಮಿಷದಲ್ಲಿ ಕಣ್ಣ ಮುಂದೆ ಹಾದುಹೋಗುತ್ತದೆ. ನೆರಳು ಸರಿದಂತೆ ಜನ ಸರಿಯುವುದು, ಬಸ್ಸು ಬಂದಾಗ ಅಲೆ ಏಳುವುದು, ಯಾರೂ ಕಾಲಿಡದ ಮೂಲೆಯೊಂದು ಇಡೀ ದಿನ ಹಾಗೆಯೇ ಖಾಲಿ ಉಳಿಯುವುದು, ಇವೆಲ್ಲ ಈ ವೇಗದ ಚಿತ್ರದಲ್ಲಿ ಚೆನ್ನಾಗಿ ತಿಳಿಯುತ್ತವೆ. ನಡಿಗೆಯ ವೇಗ ಬೇಕಿದ್ದರೆ ಮಾತ್ರ ಸಾಧಾರಣ ವಿಡಿಯೊ ಬೇಕು. ಟೇಪು ಹಿಡಿದು ನೆಲದ ಮೇಲೆ 10 ಮೀಟರ್ ದೂರದ ಎರಡು ಗುರುತುಗಳನ್ನು ಗೊತ್ತುಮಾಡಿಕೊಳ್ಳಿ. ಆ ದೂರವನ್ನು 8 ಸೆಕೆಂಡಿನಲ್ಲಿ ದಾಟಿದವರ ವೇಗ ಸೆಕೆಂಡಿಗೆ 1.25 ಮೀಟರ್, ಅಂದರೆ ಗಂಟೆಗೆ 4.5 ಕಿಲೋಮೀಟರ್. ಇಡೀ ದಿನ ಎಣಿಸಬೇಕಾಗಿಲ್ಲ. ಪ್ರತಿ ಗಂಟೆಯಲ್ಲಿ ಹತ್ತು ನಿಮಿಷ ಎಣಿಸುವ ಪದ್ಧತಿಯನ್ನು ಡೆನ್ಮಾರ್ಕಿನ ನಗರ ವಿನ್ಯಾಸಕ ಯಾನ್ ಗೆಹ್ಲ್ ಮತ್ತು ಅವರ ಸಹೋದ್ಯೋಗಿಗಳು ಬಹುಕಾಲದಿಂದ ಬಳಸುತ್ತ ಬಂದಿದ್ದಾರೆ. ವಾರದ ನಡುವಿನ ಒಂದು ದಿನ, ಒಂದು ಭಾನುವಾರ ಸಾಕು. ವರಮಹಾಲಕ್ಷ್ಮಿ ಹಬ್ಬದ ಮುನ್ನಾದಿನವನ್ನೋ ಆಯುಧಪೂಜೆಯ ಹಿಂದಿನ ಸಂಜೆಯನ್ನೋ ತೆಗೆದರೆ ಅದನ್ನು ಬೇರೆಯಾಗಿಯೇ ಇಡಿ, ಸರಾಸರಿಗೆ ಸೇರಿಸಬೇಡಿ.

ಒಂದೇ ತುಣುಕನ್ನು ಇಬ್ಬರು, ಒಬ್ಬರಿಗೊಬ್ಬರು ಹೇಳದೆ ಎಣಿಸಲಿ. ‘ನಿಂತರು’ ಎಂದರೆ ಎಷ್ಟು ಸೆಕೆಂಡು ಎಂದು ಮೊದಲೇ ತೀರ್ಮಾನಿಸದಿದ್ದರೆ ಇಬ್ಬರ ಲೆಕ್ಕ ಖಂಡಿತ ಹೊಂದುವುದಿಲ್ಲ.

ನನ್ನ ಅನುಭವವೊಂದನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಮೈಸೂರಿನ ಪೇಟೆ ಬೀದಿಯೊಂದರಲ್ಲಿ ಸ್ನೇಹಿತರ ಅಂಗಡಿಯ ಮೇಲ್ಮಹಡಿಯಿಂದ ಒಂದು ಸಂಜೆ ಚಿತ್ರೀಕರಿಸಿದ್ದೆ. ಜನ ಪಾದಚಾರಿ ಮಾರ್ಗ ಬಿಟ್ಟು ರಸ್ತೆಗಿಳಿಯುತ್ತಿದ್ದರು; ಅಲ್ಲಿ ಕೂತಿದ್ದ ಕಡಲೆಕಾಯಿ ಮಾರುವವರೇ ಕಾರಣವೆಂದು ನಾನೂ, ಕೆಳಗಿದ್ದ ಎಲ್ಲರೂ ನಂಬಿದ್ದೆವು. ಮೂರನೆಯ ಸಲ ನಿಧಾನವಾಗಿ ನೋಡುವಾಗ, ಜನ ಇಳಿಯುತ್ತಿದ್ದುದು ಮಾರುವವರ ಎದುರಿಗಲ್ಲ, ಅವರಿಗಿಂತ ಹನ್ನೆರಡು ಹದಿಮೂರು ಹೆಜ್ಜೆ ಹಿಂದೆ ಎಂಬುದು ತಿಳಿಯಿತು. ಅಲ್ಲಿ ಒಂದು ಕಲ್ಲುಚಪ್ಪಡಿ ಮೇಲೆದ್ದಿತ್ತು, ಅದರ ಪಕ್ಕದಲ್ಲೇ ದ್ವಿಚಕ್ರ ವಾಹನಗಳು ಅಡ್ಡ ನಿಂತಿದ್ದವು. ಒಮ್ಮೆ ಇಳಿದವರು ಮತ್ತೆ ಮೇಲೇರುವ ಗೋಜಿಗೆ ಹೋಗದೆ ರಸ್ತೆಯಲ್ಲೇ ಮುಂದುವರಿಯುತ್ತಿದ್ದರು. ಮಗುವಿನ ಕೈ ಹಿಡಿದ ತಾಯಂದಿರು ಎಲ್ಲರಿಗಿಂತ ಮೊದಲು ಇಳಿಯುತ್ತಿದ್ದರು, ಏಕೆಂದರೆ ಅವರಿಗೆ ಇಬ್ಬರ ಅಗಲದ ದಾರಿ ಬೇಕು. ಬೀದಿ ವ್ಯಾಪಾರಿಯ ಮುಂದೆ ಮಾತ್ರ ಯಾರೂ ತಡವರಿಸುತ್ತಿರಲಿಲ್ಲ, ಕೊಳ್ಳಲು ನಿಂತವರನ್ನು ಬಿಟ್ಟರೆ. ಆ ದಿನದಿಂದ ನಾನು ಜನ ದಾರಿ ಬದಲಿಸಿದ ಜಾಗವನ್ನು ಕಂಡಾಗಲೆಲ್ಲ ವಿಡಿಯೊವನ್ನು ಹಿಂದಕ್ಕೆ ಸರಿಸಿ, ಅವರು ಹಾಗೆ ನಿರ್ಧರಿಸಿದ ಜಾಗವನ್ನು ಹುಡುಕುತ್ತೇನೆ.

ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ನಿಮ್ಮ ವಿಡಿಯೊದಲ್ಲಿ ಬೀದಿ ವ್ಯಾಪಾರಿಗಳು ಇದ್ದೇ ಇರುತ್ತಾರೆ, ಮತ್ತು ಕ್ಯಾಮೆರಾ ಕಂಡೊಡನೆ ಅವರಿಗೆ ಎತ್ತಂಗಡಿಯ ಭಯ ಹುಟ್ಟುತ್ತದೆ. 2014ರ ಬೀದಿ ವ್ಯಾಪಾರಿಗಳ ಕಾಯಿದೆಯು ಸಮೀಕ್ಷೆ ಮುಗಿದು ವ್ಯಾಪಾರ ಪ್ರಮಾಣಪತ್ರ ಕೊಡುವವರೆಗೆ ಅವರನ್ನು ಎಬ್ಬಿಸಬಾರದೆನ್ನುತ್ತದೆ. ಆದರೂ ಭಯ ಭಯವೇ. ಕೆಳಗಿಳಿದು ಹೋಗಿ, ಏನು ಮಾಡುತ್ತಿದ್ದೀರೆಂದು ಹೇಳಿ, ಅವರ ಮಾತನ್ನೂ ಬರೆದುಕೊಳ್ಳಿ. ಯಾವ ಹೊತ್ತಿಗೆ ಯಾರು ಬರುತ್ತಾರೆ, ಮಳೆ ಬಂದರೆ ಜನ ಎಲ್ಲಿ ಸೇರುತ್ತಾರೆ ಎಂಬುದನ್ನು ಇಪ್ಪತ್ತು ವರ್ಷದಿಂದ ಒಂದೇ ಜಾಗದಲ್ಲಿ ಕೂತವರು ನಿಮ್ಮ ಕ್ಯಾಮೆರಾಕ್ಕಿಂತ ಚೆನ್ನಾಗಿ ಬಲ್ಲರು.

ವೈಟ್ ನ್ಯೂಯಾರ್ಕಿನಲ್ಲಿ ಬಿಸಿಲನ್ನು ಗುರುತು ಹಾಕಿಕೊಂಡಂತೆ ನೀವು ನೆರಳನ್ನು ಗುರುತು ಹಾಕಿಕೊಳ್ಳಿ. ನಮ್ಮ ಮಾರ್ಚ್, ಏಪ್ರಿಲ್‌ ತಿಂಗಳ ಮಧ್ಯಾಹ್ನದಲ್ಲಿ ಗಡಿಯಾರ ಗೋಪುರದ ನೆರಳೂ ಒಂದು ಆಸನವೇ.

ಪ್ರಶ್ನೆ: ನಾನು ಮಂಡ್ಯದ ನಿವೃತ್ತ ನೌಕರ. ನಮ್ಮೂರಿನ ನಡುವೆ ಹಾದುಹೋಗುವ ಹಳೆಯ ಬೆಂಗಳೂರು–ಮೈಸೂರು ರಸ್ತೆಯನ್ನು ದಾಟುವುದು ನನ್ನ ವಯಸ್ಸಿನವರಿಗೆ ಇಂದಿಗೂ ಕಷ್ಟ. ವಾಹನಗಳನ್ನು ಎಣಿಸುವುದನ್ನು ನೋಡಿದ್ದೇನೆ. ನಡೆಯುವವರನ್ನು ಎಣಿಸುವುದನ್ನು ನೋಡಿಲ್ಲ. ಈಗ ಕಂಪ್ಯೂಟರೇ ವಿಡಿಯೊ ನೋಡಿ ಎಣಿಸುತ್ತದೆಯಂತೆ. ಅದನ್ನು ನಂಬಬಹುದೆ?

ಉತ್ತರ: ಒಂದು ಮಟ್ಟಿಗೆ ನಂಬಬಹುದು, ಆದರೆ ಪರೀಕ್ಷಿಸದೆ ನಂಬಬಾರದು. ‘ಯೋಲೋ’ ಎಂಬ ಹೆಸರಿನಿಂದ ಬಳಕೆಯಲ್ಲಿರುವ ತಂತ್ರಾಂಶಗಳು ವಿಡಿಯೊದ ಪ್ರತಿ ಚಿತ್ರದಲ್ಲಿ ಮನುಷ್ಯ, ಕಾರು, ಬಸ್ಸು ಮೊದಲಾದವನ್ನು ಗುರುತಿಸಿ ಸುತ್ತ ಚೌಕ ಹಾಕುತ್ತವೆ. ಮತ್ತೊಂದು ತಂತ್ರಾಂಶ ಆ ಚೌಕಗಳನ್ನು ಚಿತ್ರದಿಂದ ಚಿತ್ರಕ್ಕೆ ಜೋಡಿಸಿ ಒಬ್ಬೊಬ್ಬರ ಜಾಡು ಹಿಡಿಯುತ್ತದೆ. ಇವುಗಳಲ್ಲಿ ಹಲವಕ್ಕೆ ತರಬೇತಿ ಕೊಟ್ಟ ‘ಕೋಕೋ’ ಎಂಬ ಚಿತ್ರಸಂಗ್ರಹದಲ್ಲಿ 80 ಬಗೆಯ ವಸ್ತುಗಳಿವೆ. ಅದರಲ್ಲಿ ಹಸು ಇದೆ, ಆನೆ ಇದೆ, ಆಟೋರಿಕ್ಷಾ ಇಲ್ಲ, ತಳ್ಳುಗಾಡಿಯೂ ಇಲ್ಲ. ಹೀಗಾಗಿ ಆಟೋ ಒಮ್ಮೆ ಕಾರಾಗುತ್ತದೆ, ಇನ್ನೊಮ್ಮೆ ಲಾರಿಯಾಗುತ್ತದೆ. ಹೈದರಾಬಾದಿನ ಮಾಹಿತಿ ತಂತ್ರಜ್ಞಾನ ಸಂಸ್ಥೆ ಐಐಐಟಿ ಭಾರತೀಯ ರಸ್ತೆಗಳಿಗಾಗಿಯೇ ರೂಪಿಸಿದ ಚಿತ್ರಸಂಗ್ರಹದಲ್ಲಿ ಆಟೋರಿಕ್ಷಾಕ್ಕೆ ಪ್ರತ್ಯೇಕ ಸ್ಥಾನವಿದೆ. ನಮ್ಮ ಊರುಗಳಲ್ಲಿ ಎಣಿಸುವವರು ಅಂಥದ್ದರಿಂದ ತರಬೇತಾದ ತಂತ್ರಾಂಶವನ್ನು ಕೇಳಿ ಪಡೆಯಬೇಕು.

ನಡೆಯುವವರ ಎಣಿಕೆಯಲ್ಲಿ ಇದಕ್ಕಿಂತ ದೊಡ್ಡ ತಪ್ಪೊಂದು ನುಸುಳುತ್ತದೆ. ಸ್ಕೂಟರಿನ ಮೇಲೆ ಕೂತವರೂ ತಂತ್ರಾಂಶದ ಕಣ್ಣಿಗೆ ಮನುಷ್ಯರೇ. ಅವರನ್ನು ಕಳೆಯದಿದ್ದರೆ ಪಾದಚಾರಿಗಳ ಸಂಖ್ಯೆ ಉಬ್ಬುತ್ತದೆ. ಇನ್ನೊಂದೆಡೆ ಕೊಡೆ ಹಿಡಿದವರು, ತಲೆಯ ಮೇಲೆ ಹೊರೆ ಹೊತ್ತವರು, ಒತ್ತೊತ್ತಾಗಿ ನಡೆವ ಶಾಲಾ ಮಕ್ಕಳು ಲೆಕ್ಕದಿಂದ ಜಾರಿಹೋಗುತ್ತಾರೆ. ಬಸ್ಸಿನ ಹಿಂದೆ ಮರೆಯಾಗಿ ಮತ್ತೆ ಕಾಣಿಸಿಕೊಂಡ ಒಬ್ಬರು ಇಬ್ಬರಾಗುತ್ತಾರೆ. ಆದ್ದರಿಂದ ಮೊದಲು ಮನುಷ್ಯರು ಹತ್ತು ನಿಮಿಷ ಎಣಿಸಿ, ಅದೇ ಹತ್ತು ನಿಮಿಷವನ್ನು ತಂತ್ರಾಂಶಕ್ಕೆ ಕೊಟ್ಟು, ಎರಡನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಹಗಲಿಗೆ ಹೊಂದಿದ ಲೆಕ್ಕ ರಾತ್ರಿಗೆ ಹೊಂದುವುದೆಂದು ತಿಳಿಯಬಾರದು.

ನಿಮ್ಮ ಕಷ್ಟಕ್ಕೆ ಮಾತ್ರ ಕಂಪ್ಯೂಟರ್ ಬೇಕಾಗಿಯೇ ಇಲ್ಲ. ಒಂದು ಮೊಬೈಲು, ಒಂದು ಗಡಿಯಾರ ಸಾಕು. ಸಿಗ್ನಲ್ ವಿನ್ಯಾಸದಲ್ಲಿ ಪಾದಚಾರಿಯ ವೇಗವನ್ನು ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರ್ ಎಂದು ಹಿಡಿಯುತ್ತಾರೆ. ರಸ್ತೆ 18 ಮೀಟರ್ ಅಗಲವಿದ್ದರೆ ಆ ಲೆಕ್ಕಕ್ಕೆ 15 ಸೆಕೆಂಡು ಸಾಕು. ಸೆಕೆಂಡಿಗೆ 0.8 ಮೀಟರ್ ನಡೆಯುವ ಹಿರಿಯರಿಗೆ 22 ಸೆಕೆಂಡಿಗಿಂತ ಹೆಚ್ಚು ಬೇಕು, ಅಂದರೆ ಹಸಿರು ಆರಿದ ಮೇಲೆ ಏಳು ಸೆಕೆಂಡು ಅವರು ವಾಹನಗಳ ನಡುವೆ ಇರುತ್ತಾರೆ. ನೀವು ದಾಟುವ ಜಾಗದಲ್ಲಿ ಹಿರಿಯರು ಎಷ್ಟು ಸೆಕೆಂಡು ತೆಗೆದುಕೊಳ್ಳುತ್ತಾರೆ, ದಾಟುವ ಮೊದಲು ಎಷ್ಟು ಹೊತ್ತು ಕಾಯುತ್ತಾರೆ, ಎಷ್ಟು ಮಂದಿ ಅರ್ಧ ದಾರಿಯಿಂದ ಹಿಂದಿರುಗುತ್ತಾರೆ ಎಂಬುದನ್ನು ಮುಖ ಕಾಣದಷ್ಟು ದೂರದಿಂದ ಒಂದು ಬೆಳಿಗ್ಗೆ, ಒಂದು ಸಂಜೆ ಚಿತ್ರೀಕರಿಸಿ ಬರೆದಿಡಿ. ಜೊತೆಗೆ ಟೇಪು ಹಿಡಿದು ಪಾದಚಾರಿ ಮಾರ್ಗವನ್ನೂ ಅಳೆಯಿರಿ. ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿಯು ಅಡೆತಡೆಯಿಲ್ಲದ ನಡಿಗೆಯ ಜಾಗ ಕನಿಷ್ಠ 1.8 ಮೀಟರ್ ಅಗಲವಿರಬೇಕು, ಅಂಚಿನ ಎತ್ತರ 150 ಮಿಲಿಮೀಟರ್ ಮೀರಬಾರದು ಎನ್ನುತ್ತದೆ. ಅಳತೆ, ಸೆಕೆಂಡು, ದಿನಾಂಕ ಇರುವ ಎರಡು ಪುಟದ ಮನವಿಯನ್ನು ತಳ್ಳಿಹಾಕುವುದು ‘ತುಂಬಾ ತೊಂದರೆಯಾಗಿದೆ’ ಎಂಬ ಮನವಿಯನ್ನು ತಳ್ಳಿಹಾಕಿದಷ್ಟು ಸುಲಭವಲ್ಲ.

ಇನ್ನೊಂದು ಮಾತು. ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ 2023ರ ಮಾರ್ಚ್ 12ರಂದು ಮಂಡ್ಯದಲ್ಲಿಯೇ ಉದ್ಘಾಟನೆಗೊಂಡು, ದೂರದ ವಾಹನಗಳಿಗೆ ಊರಿನ ಹೊರಗಿನ ದಾರಿ ತೆರೆದುಕೊಂಡಿತು. ಊರೊಳಗಿನ ರಸ್ತೆಯನ್ನು ಜನ ದಾಟುತ್ತಿದ್ದ ಬಗೆ ಆ ದಿನದ ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಎಂಬುದನ್ನು ಹೋಲಿಸಲು ಮೊದಲಿನ ಚಿತ್ರ ಬೇಕು, ಅದನ್ನು ಈಗ ತೆಗೆಯಲಾಗದು. ಹಳೆಯ ಮದುವೆ ಮೆರವಣಿಗೆಗಳ, ಗಣೇಶೋತ್ಸವಗಳ ವಿಡಿಯೊಗಳು ಮನೆಗಳಲ್ಲಿ ಇರಬಹುದು; ಅವುಗಳ ಅಂಚಿನಲ್ಲಿ ರಸ್ತೆಯೂ ಸೆರೆಯಾಗಿರುತ್ತದೆ. ಕೇಳಿ ಸಂಗ್ರಹಿಸಿ. ಮುಂದೆ ಯಾವುದೇ ವೃತ್ತವನ್ನು ಅಗೆಯುತ್ತಾರೆಂಬ ಸುದ್ದಿ ಬಂದರೆ, ಅಗೆಯುವ ಮೊದಲೇ ಒಂದು ದಿನ ಚಿತ್ರೀಕರಿಸಿಡಿ.

ಪ್ರಶ್ನೆ: ಮೈಸೂರಿನ ಉದ್ಯಾನವೊಂದರಲ್ಲಿ ನಾವು ಕೆಲವು ಹೆಂಗಸರು ಸಂಜೆ ಕೂರುತ್ತೇವೆ. ಈಚೆಗೆ ಇಬ್ಬರು ಯುವಕರು ‘ಪ್ರಾಜೆಕ್ಟ್’ ಎಂದು ಹೇಳಿ ನಮ್ಮತ್ತ ಕ್ಯಾಮೆರಾ ಇಟ್ಟರು. ನಾವು ಎದ್ದು ಹೊರಟುಬಿಟ್ಟೆವು. ಸಾರ್ವಜನಿಕ ಜಾಗದಲ್ಲಿ ಹೀಗೆ ಮಾಡಲು ಅವರಿಗೆ ಹಕ್ಕಿದೆಯೆ?

ಉತ್ತರ: ನೀವು ಎದ್ದು ಹೊರಟದ್ದೇ ಅವರ ಅಧ್ಯಯನವನ್ನು ಕೆಡಿಸಿತು ಎಂಬುದನ್ನು ಅವರು ತಿಳಿಯಬೇಕಿತ್ತು. ನೋಡುವವರಿಂದ ನೋಟವೇ ಬದಲಾದ ಮೇಲೆ ಅಳೆಯಲು ಉಳಿದದ್ದೇನು?

ಸಾರ್ವಜನಿಕ ಜಾಗದಲ್ಲಿ ಸಾಮಾನ್ಯ ದೃಶ್ಯವನ್ನು ಚಿತ್ರೀಕರಿಸುವುದೇ ಅಪರಾಧವೆಂದು ನಮ್ಮ ಕಾನೂನು ಹೇಳುವುದಿಲ್ಲ. ಹಾಗೆಂದು ಮನೆಯ ಹೊಸ್ತಿಲು ದಾಟಿದೊಡನೆ ಖಾಸಗಿತನ ಮುಗಿಯುವುದೂ ಇಲ್ಲ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಆ ಅರ್ಜಿಯನ್ನು ಸಲ್ಲಿಸಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಬೇಡವೆಂದರೂ ಮಹಿಳೆಯೊಬ್ಬರನ್ನು ಮತ್ತೆ ಮತ್ತೆ ಹಿಂಬಾಲಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮಿನಡಿ ಅಪರಾಧ. ಗುರುತು ಸಿಗುವಂಥ ಮುಖವಿರುವ ಡಿಜಿಟಲ್ ವಿಡಿಯೊ ವೈಯಕ್ತಿಕ ದತ್ತಾಂಶವಾಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯು ಸಂಶೋಧನೆಗೆ ಕೆಲವು ವಿನಾಯಿತಿ ಕೊಟ್ಟಿದ್ದರೂ, ನಿಗದಿತ ಮಾನದಂಡಗಳನ್ನು ಪಾಲಿಸಬೇಕು ಮತ್ತು ಆ ದತ್ತಾಂಶದಿಂದ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ಯಾವ ನಿರ್ಧಾರವನ್ನೂ ಕೈಗೊಳ್ಳಬಾರದು ಎಂಬ ಷರತ್ತುಗಳನ್ನು ಅದಕ್ಕೆ ಜೋಡಿಸಿದೆ.

ಕಾನೂನಿಗಿಂತ ಮುಂಚೆ ಮರ್ಯಾದೆಯ ಮಾತಿದೆ. ಚಲನೆಯ ಅಧ್ಯಯನಕ್ಕೆ ಮುಖ ಬೇಕಾಗಿಲ್ಲ; ಎತ್ತರದಿಂದ, ದೂರದಿಂದ, ಕಡಿಮೆ ಸ್ಪಷ್ಟತೆಯಲ್ಲಿ ತೆಗೆದರೆ ಸಾಕು. ಒಬ್ಬರು ಸ್ಥಳದಲ್ಲಿ ನಿಂತು, ಕೇಳಿದವರಿಗೆಲ್ಲ ವಿವರಿಸಬೇಕು. ಬೇಡವೆಂದವರ ಭಾಗವನ್ನು ಅಳಿಸಬೇಕು, ಎಣಿಕೆ ಮುಗಿದ ಮೇಲೆ ಮೂಲ ವಿಡಿಯೊವನ್ನೂ ಅಳಿಸಬೇಕು, ಒಂದು ತುಣುಕನ್ನೂ ಸಾಮಾಜಿಕ ಜಾಲತಾಣಕ್ಕೆ ಹಾಕಬಾರದು. ಮುಂದೆ ಯಾರಾದರೂ ಹೀಗೆ ಬಂದರೆ, ಯಾವ ಸಂಸ್ಥೆ, ಮಾರ್ಗದರ್ಶಕರು ಯಾರು, ವಿಡಿಯೊವನ್ನು ಯಾವ ದಿನ ಅಳಿಸುತ್ತೀರಿ ಎಂಬ ಮೂರು ಪ್ರಶ್ನೆಗಳನ್ನು ಕೇಳಿ. ಉತ್ತರ ಬರೆದು ಕೊಡಲು ಹಿಂಜರಿದರೆ ಚಿತ್ರೀಕರಣ ನಿಲ್ಲಿಸಿ ಎನ್ನಲು ಸಂಕೋಚಪಡಬೇಡಿ.

ನಿಮ್ಮ ಪತ್ರವನ್ನು ಓದುವಾಗ ಇನ್ನೊಂದು ವಿಷಯ ನೆನಪಾಯಿತು. ಚೆನ್ನಾಗಿ ಬಳಕೆಯಾಗುವ ಬಯಲುಗಳಲ್ಲಿ ಹೆಂಗಸರ ಪಾಲು ಹೆಚ್ಚಿರುತ್ತದೆ, ಹೆಂಗಸರು ಜಾಗವನ್ನು ಹೆಚ್ಚು ಆಯ್ದು ಕೂರುತ್ತಾರೆ ಎಂದು ವೈಟ್ ಗಮನಿಸಿದ್ದರು. ನೀವು ದಿನವೂ ಅದೇ ಬೆಂಚನ್ನು ಆರಿಸಿಕೊಂಡಿದ್ದೀರಿ ಎಂದರೆ ಅದಕ್ಕೆ ಕಾರಣಗಳಿರುತ್ತವೆ: ಬೆಳಕು, ಬೆನ್ನಿಗೆ ಆಸರೆ, ಬಾಗಿಲಿಗೆ ಹತ್ತಿರ, ಕಾವಲುಗಾರನ ಕಣ್ಣಳತೆ, ಏನೋ ಒಂದು. ಆ ಯುವಕರು ಕ್ಯಾಮೆರಾ ಇಡದೆ ನಿಮ್ಮನ್ನೇ ಕೇಳಿದ್ದರೆ ಹತ್ತು ನಿಮಿಷದಲ್ಲಿ ತಿಳಿಯುತ್ತಿತ್ತು.

ಪ್ರಶ್ನೆ: ಮೊದಲಿಗಿಂತ ಈಗ ಜನ ವೇಗವಾಗಿ ನಡೆಯುತ್ತಾರೆ, ಎಲ್ಲಿಯೂ ನಿಲ್ಲುವುದಿಲ್ಲ ಎನ್ನುತ್ತಾರೆ. ಇದಕ್ಕೆ ಪುರಾವೆ ಇದೆಯೆ? (ಮೈಸೂರಿನ ಓದುಗರು)

ಉತ್ತರ: ಅಮೆರಿಕದ ಕೆಲವು ಜಾಗಗಳ ಮಟ್ಟಿಗೆ ಇದೆ. ವೈಟ್ ಅವರ ಕಾಲದ ಚಿತ್ರಸುರುಳಿಗಳನ್ನು ಸಮಾಜವಿಜ್ಞಾನಿ ಕೀತ್ ಹ್ಯಾಂಪ್ಟನ್ ಡಿಜಿಟಲ್ ರೂಪಕ್ಕೆ ತಂದು, ಅವೇ ಜಾಗಗಳನ್ನು 2010ರ ಸುಮಾರಿಗೆ ಮತ್ತೆ ಚಿತ್ರೀಕರಿಸಿದರು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರೂ ಅವರೂ ಸೇರಿ ನ್ಯೂಯಾರ್ಕ್, ಬಾಸ್ಟನ್, ಫಿಲಡೆಲ್ಫಿಯಾಗಳ ನಾಲ್ಕು ಜಾಗಗಳ ಹಳೆಯ ಮತ್ತು ಹೊಸ ಚಿತ್ರಗಳನ್ನು ಕಂಪ್ಯೂಟರಿನಿಂದ ವಿಶ್ಲೇಷಿಸಿ 2025ರಲ್ಲಿ ಪ್ರಕಟಿಸಿದರು. ಮೂವತ್ತು ವರ್ಷಗಳಲ್ಲಿ ನಡಿಗೆಯ ಸರಾಸರಿ ವೇಗ ಶೇ 15ರಷ್ಟು ಏರಿತ್ತು, ನಿಂತು ಕಾಲ ಕಳೆಯುವವರ ಪ್ರಮಾಣ ಶೇ 14ರಷ್ಟು ಇಳಿದಿತ್ತು. ಒಬ್ಬರೇ ನಡೆಯುವವರ ಪಾಲು ಮಾತ್ರ ಹೆಚ್ಚುಕಡಿಮೆ ಮೊದಲಿನಷ್ಟೇ ಇತ್ತು.

ಇದನ್ನು ಮೈಸೂರಿಗೆ ಹಾಗೆಯೇ ಅನ್ವಯಿಸಲು ನಾನು ಸಿದ್ಧನಿಲ್ಲ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ವ್ಯಾಯಾಮಕ್ಕೆಂದು ಬಿರುಸಾಗಿ ನಡೆಯುವವರನ್ನು ಅಗ್ರಹಾರದಲ್ಲಿ ಸೊಪ್ಪು ಕೊಳ್ಳಲು ಹೊರಟವರೊಂದಿಗೆ ಒಂದೇ ಸರಾಸರಿಗೆ ಸೇರಿಸಿದರೆ ಬರುವ ಸಂಖ್ಯೆಗೆ ಅರ್ಥವಿಲ್ಲ. ನಿಮಗೆ ನಿಜವಾಗಿ ತಿಳಿಯಬೇಕಿದ್ದರೆ ಒಂದೇ ಜಾಗ, ಒಂದೇ ಕಿಟಕಿ, ಒಂದೇ ತಿಂಗಳ ಒಂದೇ ವಾರವನ್ನು ಗೊತ್ತುಮಾಡಿಕೊಂಡು ಈ ವರ್ಷ ಒಮ್ಮೆ ಚಿತ್ರೀಕರಿಸಿ, ಕ್ಯಾಮೆರಾ ಇಟ್ಟ ಎತ್ತರವನ್ನೂ ಕೋನವನ್ನೂ ಬರೆದಿಟ್ಟು, ಐದು ವರ್ಷದ ಮೇಲೆ ಅದೇ ಕಿಟಕಿಗೆ ಹಿಂದಿರುಗಿ. ಆ ಟಿಪ್ಪಣಿಯ ಒಂದು ಪ್ರತಿಯನ್ನು ಮನೆಯ ಹೊರಗಿನವರೊಬ್ಬರ ಬಳಿಯೂ ಇಟ್ಟಿರಿ.